ಹನ್ನೆರಡನೇ ಹಾಳೆಯ ಹಿಂಬದಿ

"ಎರಡು ಬಿಂದುಗಳ ನಡುವೆ ಒಂದು ಗೆರೆ ಅಲ್ಲ, ಎರಡು ಗೆರೆ ಇದ್ರೆ ಏನಾಗುತ್ತೆ ಮೇಡಂ?"

ಕೊನೆಯ ಸಾಲಿನಿಂದ ಬಂದ ಪ್ರಶ್ನೆಗೆ ಅವಳು ನಗುನಗುತ್ತಲೇ ತಿರುಗಿದಳು.

"ಏನೂ ಆಗಲ್ಲ ಸರ್. ಎಷ್ಟು ಗೆರೆ ಬೇಕಾದ್ರೂ ಇರ್ಲಿ."

"ಒಂದ್ಸಲ ಬರೆದು ತೋರಿಸ್ಲಾ?"

ಅವನು ಎದ್ದು ಬಂದ. ಅವಳ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡ. ಬೋರ್ಡಿನ ಮೂಲೆಯಲ್ಲಿ ಮೂರು ಚುಕ್ಕಿ ಇಟ್ಟ. ಒಂದೊಂದು ಜೋಡಿ ಚುಕ್ಕಿಗಳ ನಡುವೆ ಎರಡೆರಡು ಗೆರೆ ಎಳೆದ. ಒಟ್ಟು ಆರು ಗೆರೆ, ಒಂದು ದಪ್ಪ ತ್ರಿಕೋನ. ಆಮೇಲೆ ಪಕ್ಕಕ್ಕೆ ಸರಿದು ನಿಂತ.

ಅವಳು ಆಗಷ್ಟೇ ಮುಕ್ಕಾಲು ಗಂಟೆ ಗಂಟಲು ಹರಿದುಕೊಂಡು ಸಾಧಿಸಿದ್ದು ಇಷ್ಟು. ಚುಕ್ಕಿ, ಗೆರೆಗಳ ಒಂದು ಜಾಲವಿದೆ. ಪ್ರತಿ ಗೆರೆಗೂ ಒಂದು ದಿನ ಗೊತ್ತು ಮಾಡಬೇಕು. ಒಂದೇ ಚುಕ್ಕಿಯಲ್ಲಿ ಕೂಡುವ ಎರಡು ಗೆರೆಗಳಿಗೆ ಒಂದೇ ದಿನ ಬರಕೂಡದು. ಅವಳು ಹಿಡಿದಿದ್ದ ಜಾತಿಯ ಜಾಲಗಳಲ್ಲಿ, ಒಂದು ಚುಕ್ಕಿಗೆ ಹೆಚ್ಚೆಂದರೆ ನಾಲ್ಕು ಗೆರೆ ಬಂದರೆ, ಪ್ರತಿ ಗೆರೆಯೂ ತನಗೆ ಬೇಕಾದ ಯಾವುದೇ ಐದು ದಿನಗಳ ಪಟ್ಟಿ ಹಿಡಿದು ಬರಲಿ, ಎಲ್ಲರಿಗೂ ದಿನ ಹೊಂದಿಸಿಕೊಡಬಹುದು.

ಬೋರ್ಡಿನ ಮೇಲಿನ ತ್ರಿಕೋನದಲ್ಲಿ ಪ್ರತಿ ಚುಕ್ಕಿಗೂ ನಾಲ್ಕೇ ಗೆರೆ. ಆದರೆ ಯಾವ ಎರಡು ಗೆರೆ ಹಿಡಿದರೂ ಎಲ್ಲೋ ಒಂದು ಕಡೆ ತಾಗುತ್ತಿದ್ದವು. ಆರು ಗೆರೆಗೆ ಆರು ದಿನವೇ ಬೇಕು. ಐದು ಸಾಲದು!

ಅವಳ ಮನಸ್ಸು ತನ್ನ ಕರಡಿನ ಕಡೆಗೆ ಓಡಿತು.

ಅಯ್ಯೋ... ಏಳನೇ ಪುಟ! ಏಳನೇ ಪುಟದಲ್ಲಿ ಎರಡು ಚುಕ್ಕಿಗೆ ಒಂದೇ ಗೆರೆ ಅಂತ ನನಗೆ ನಾನೇ ಅಂದುಕೊಂಡುಬಿಟ್ಟಿದ್ದೀನಿ. ಎಲ್ಲೂ ಬರೆದಿಲ್ಲ!

ಕೋಣೆಯಲ್ಲಿ ಮೂವತ್ತೆರಡು ಜನ. ಮೊದಲ ಸಾಲಿನಲ್ಲಿ ವಿಭಾಗದ ಮುಖ್ಯಸ್ಥರು, ಅವರ ಪಕ್ಕದಲ್ಲಿ ಅವಳ ತಾತ್ಕಾಲಿಕ ಹುದ್ದೆಯನ್ನು ಕಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಬಂದಿದ್ದ ಇಬ್ಬರು ಹಿರಿಯರು. ಒಬ್ಬರು ಪೆನ್ನಿನ ಕ್ಯಾಪ್ ಮುಚ್ಚಿದ ಸದ್ದು ಕೊನೆಯ ಸಾಲಿಗೂ ಕೇಳಿಸಿತು.

"ಇದನ್ನ... ನಾನು ನೋಡಿ ಹೇಳ್ತೀನಿ," ಎಂದಳು ಅವಳು.

ಆ ವಿಭಾಗದ ಕಥೆಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಲ್ಲಿ ಶುದ್ಧ ಗಣಿತದವರು ಮೂರನೇ ಮಹಡಿ, ಅನ್ವಯಿಕ ಗಣಿತದವರು ಎರಡನೇ ಮಹಡಿ. ಇವರ ಭಾಷಣಕ್ಕೆ ಅವರು ಬರುತ್ತಿರಲಿಲ್ಲ, ಅವರ ಭಾಷಣಕ್ಕೆ ಇವರು ಹೋಗುತ್ತಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. "ನೀವು ಶುದ್ಧ ಆದ್ರೆ ನಾವೇನು ಕಲಬೆರಕೆನಾ?" ಎಂದು ಎರಡನೇ ಮಹಡಿಯವರು ಕೇಳುವುದೂ ಇತ್ತು. ಇದನ್ನು ನೋಡಿ ನೋಡಿ ಸಾಕಾದ ಮುಖ್ಯಸ್ಥರು ಬುಧವಾರದ ಭಾಷಣವನ್ನು ಒಂದೇ ಮಾಡಿ, ಒಂದು ನಿಯಮ ಹಾಕಿದರು. ಭಾಷಣ ಒಂದು ಕಡೆಯವರದು, ಓದುಗ ಇನ್ನೊಂದು ಕಡೆಯವರು. ಓದುಗ ಭಾಷಣಕ್ಕೆ ಮೊದಲೇ ಕರಡು ಓದಿ, ಗುರುತು ಹಾಕಿ ವಾಪಸ್ ಕೊಡಬೇಕು. ಭಾಷಣ ಮುಗಿದ ಮೇಲೆ ಮೊದಲ ಪ್ರಶ್ನೆ ಅವರದೇ.

ಹಾಗೆ ಅವಳ ಪಾಲಿಗೆ ಬಂದವನು ಇವನು. ಊರಿನ ನೀರು ಸರಬರಾಜು ಕಚೇರಿಯಲ್ಲಿ ಐದು ವರ್ಷ ಪೈಪುಗಳ ಲೆಕ್ಕ ಮಾಡಿ, ಆರು ತಿಂಗಳ ಹಿಂದೆ ಪಾಠಕ್ಕೆ ಬಂದವನು. ವಿದ್ಯಾರ್ಥಿಗಳ ಬಾಯಲ್ಲಿ 'ಪೈಪ್ ಮೇಷ್ಟ್ರು'. ಅವಳಿಗೂ ಅವರೇ ಇಟ್ಟ ಹೆಸರಿತ್ತು, 'ಚಾಕ್‌ಪೀಸ್ ಮೇಡಂ'. ಸ್ಲೈಡು, ಪರದೆ ಯಾವುದನ್ನೂ ಮುಟ್ಟದೆ ಬೋರ್ಡಿನಲ್ಲೇ ಪಾಠ ಮಾಡುವವಳು.

ಭಾಷಣಕ್ಕೆ ಎರಡು ದಿನ ಮೊದಲು ಅವನು ಕರಡನ್ನು ಆಫೀಸಿನಲ್ಲಿ ಪತ್ರ ಹಾಕುವ ಅವಳ ಅಂಚೆಗೂಡಿನಲ್ಲಿ ಇಟ್ಟು ಹೋಗಿದ್ದ. ಹನ್ನೆರಡು ಹಾಳೆ. ಅವಳು ಒಂದೊಂದೇ ಎತ್ತಿ ನೋಡಿದ್ದಳು. ಅಲ್ಲಲ್ಲಿ ಸಣ್ಣ ಗುರುತು ಬಿಟ್ಟರೆ ಏನೂ ಇರಲಿಲ್ಲ. 'ಪರವಾಗಿಲ್ಲ, ತಪ್ಪೇನೂ ಸಿಕ್ಕಿಲ್ಲ' ಎಂದು ಸಮಾಧಾನದಿಂದ ನಿದ್ದೆ ಮಾಡಿದ್ದಳು.

ಈಗ ನೋಡಿದರೆ...!

ಗೊತ್ತಿತ್ತು ಅವನಿಗೆ. ಮೊದಲೇ ಗೊತ್ತಿತ್ತು. ಎಲ್ಲರೆದುರು ಮಾನ ಕಳೆಯಬೇಕು ಅಂತಾನೇ ಕಾದು ಕೂತಿದ್ದ!

ಕೋಣೆ ಖಾಲಿಯಾದ ಮೇಲೆ ಅವನು ಬಾಗಿಲಲ್ಲಿ ನಿಂತಿದ್ದ. ಮುಖ ಸಪ್ಪಗಾಗಿತ್ತು.

"ಮೇಡಂ, ನನ್ನ ಲೆಕ್ಕ ತಪ್ಪಾಯ್ತು. ನೀವು ಉತ್ತರ ಹೇಳ್ತೀರಿ ಅಂತ..."

"ಸಾಕು ಸರ್. ನೀವು ಗೆದ್ರಿ. ಇನ್ನೇನು ಬೇಕು?"

"ಗೆಲ್ಲೋದಲ್ಲ ಮೇಡಂ..." ಅವನು ತಲೆ ತಗ್ಗಿಸಿದ. "ಕೊನೇಲಿ ನಾನು ಹಾಗೆ ಬರೀಬಾರ್ದಿತ್ತು. ಅದಕ್ಕೆ ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ."

ಕೊನೇಲಿ ಬೋರ್ಡಿನ ಮೇಲೆ ತ್ರಿಕೋನ ಬರೆದು ತೋರಿಸಿ, ಈಗ ಕ್ಷಮೆ ಬೇರೆ! ಅವಳಿಗೆ ಮೈ ಉರಿಯಿತು.

"ದಯವಿಟ್ಟು ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡಿ."

ಅವನು ತಲೆಯಾಡಿಸಿ ಹೊರಟುಹೋದ. ಅವಳು ಒದ್ದೆ ಬಟ್ಟೆ ತಂದು ಬೋರ್ಡನ್ನು ಮೂಲೆಮೂಲೆಯೂ ಬಿಡದೆ ಒರೆಸಿದಳು. ಎಷ್ಟೇ ಸಿಟ್ಟಿದ್ದರೂ ಮುಂದಿನವರಿಗೆ ಕೊಳಕು ಬೋರ್ಡು ಬಿಟ್ಟುಹೋಗುವ ಅಭ್ಯಾಸ ಅವಳಿಗಿರಲಿಲ್ಲ. ಕೆಳಗಿಳಿಯುವಾಗ ಆ ಹನ್ನೆರಡು ಹಾಳೆಗಳನ್ನು ಆಫೀಸಿನ ಹಳೇ ಹಾಳೆಗಳ ಟ್ರೇಗೆ ಎಸೆದು, ಹಿಂತಿರುಗಿಯೂ ನೋಡದೆ ನಡೆದಳು.

ಆ ಟ್ರೇ ಆಫೀಸಿನ ಅಕ್ಕನ ರಾಜ್ಯ. ಒಂದು ಬದಿ ಮುದ್ರಿಸಿದ ಹಾಳೆ ಯಾವುದೂ ಅಲ್ಲಿ ಕಸಕ್ಕೆ ಹೋಗುವಂತಿಲ್ಲ. ಹಳೇ ಪ್ರಶ್ನೆಪತ್ರಿಕೆ, ರದ್ದಾದ ಸುತ್ತೋಲೆ, ಯಾರದೋ ಅರ್ಧಕ್ಕೆ ನಿಂತ ಲೆಕ್ಕ, ಎಲ್ಲದರ ಹಿಂಬದಿಯಲ್ಲೇ ವಿಭಾಗದ ಮುದ್ರಣ ನಡೆಯಬೇಕು. ಹೀಗಾಗಿ ಅಲ್ಲಿ ಯಾರೂ ಹಾಳೆಯ ಹಿಂಬದಿ ಓದುವುದಿಲ್ಲ. ಅಲ್ಲಿರುವುದು ಯಾವಾಗಲೂ ಬೇರೆಯವರ ಹಳೇ ಪುರಾಣವೇ.

ಸಂಜೆ ಅಮ್ಮನ ಫೋನು ಬಂತು. ಅಮ್ಮ ದರ್ಜಿ. ಮಾತಿನ ಹಿಂದೆ ಹೊಲಿಗೆ ಯಂತ್ರದ ಸದ್ದು ಇದ್ದೇ ಇರುತ್ತಿತ್ತು.

"ಏನಾಯ್ತೇ ಭಾಷಣ?"

"ಒಬ್ರು ತಪ್ಪು ಹಿಡಿದ್ರು."

"ತಪ್ಪು ಇತ್ತಾ?"

"...ಇತ್ತು."

"ಇತ್ತಲ್ಲ, ಮತ್ತೆ ಅವರ ಮೇಲೆ ಯಾಕೆ ಸಿಟ್ಟು? ಹೊಲಿಗೆ ಬಿಟ್ಟಿದೆ ಅಂತ ಅಂಗಡೀಲೇ ಹೇಳಿದ್ರೆ ಒಳ್ಳೇದಲ್ವಾ?"

"ಅಂಗಡೀಲಿ ಹೇಳ್ಲಿಲ್ಲಮ್ಮ! ಹಾಕ್ಕೊಂಡು ಬೀದಿಗೆ ಬಂದ್ಮೇಲೆ ಹೇಳಿದ್ರು!"

ಯಂತ್ರದ ಸದ್ದು ನಿಂತಿತು. "ಹಾಗಾದ್ರೆ ತಪ್ಪೇ," ಎಂದರು ಅಮ್ಮ. "ಆದ್ರೂ ಹರಿದಿದ್ದನ್ನ ಹೊಲೀಲೇಬೇಕಲ್ಲ. ಊಟ ಮಾಡಿ ಮಲಗು. ಬೆಳಗ್ಗೆ ಕೂತು ಹೊಲಿ."

ಮುಖ್ಯಸ್ಥರು ದೊಡ್ಡ ಮನಸ್ಸಿನವರು. ಬಂದಿದ್ದ ಹಿರಿಯರನ್ನು ಒಪ್ಪಿಸಿ ಮೂರು ವಾರ ಬಿಟ್ಟು ಇನ್ನೊಂದು ಭಾಷಣ ಕೊಡಿಸಿದರು.

"ಇದೇ ಕೊನೇದು ಕಣಮ್ಮ," ಎಂದರು. "ಇದೂ ಕೈಕೊಟ್ರೆ ನಾನೇನೂ ಮಾಡೋಕಾಗಲ್ಲ. ವರ್ಷದ ಕೊನೆಗೆ ನೀನು ಹೊರಡಬೇಕಾಗುತ್ತೆ."

"ಓದುಗರನ್ನ ಬದಲಾಯಿಸ್ತೀರಾ ಸರ್?"

"ಯಾಕೆ? ತಪ್ಪು ಕಂಡುಹಿಡಿದವರೇ ಸರಿ ಅಂದ್ರೆ ಅದಕ್ಕೊಂದು ಬೆಲೆ. ಅವರೇ ಇರ್ಲಿ."

ಮೊದಲ ವಾರ ಬರೀ ಗೋಡೆಗೆ ತಲೆ ಚಚ್ಚಿಕೊಂಡಂತೆ ಕಳೆಯಿತು. ಹಗಲು ಪಾಠ, ಸಂಜೆ ತ್ರಿಕೋನ. ಎರಡೆರಡು ಗೆರೆ ಇರುವ ಜಾಲಗಳು ಯಾರಿಗೆ ಬೇಕು ಎಂದು ಬಿಟ್ಟುಬಿಡಬಹುದಿತ್ತು. ಏಳನೇ ಪುಟದಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಹಟ. ಒಂದು ದಿನ ಗ್ರಂಥಾಲಯದಲ್ಲಿ ಊರಿನ ನೀರಿನ ಪೈಪುಗಳ ನಕ್ಷೆ ತೆಗೆದು ನೋಡಿದಳು. ಟ್ಯಾಂಕಿನಿಂದ ಟ್ಯಾಂಕಿಗೆ ಹಳೇ ಪೈಪೊಂದು, ಅದರ ಪಕ್ಕದಲ್ಲೇ ಹೊಸ ಪೈಪೊಂದು! ಯಾರೂ ಹಳೆಯದನ್ನು ಕಿತ್ತಿರಲಿಲ್ಲ. ರಿಪೇರಿಗೆ ಯಾವ ಪೈಪನ್ನು ಯಾವ ದಿನ ಮುಚ್ಚಬೇಕು ಎನ್ನುವುದೇ ಅವನ ಐದು ವರ್ಷದ ಕೆಲಸವಾಗಿತ್ತು.

ಓಹ್... ಅವನು ಕುಹಕಕ್ಕೆ ಕೇಳಿದ್ದಲ್ಲ. ಅವನು ದಿನಾ ನೋಡಿದ್ದೇ ಅದನ್ನ.

ಅನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ? ಸರಿಯಾಗಿದ್ದವನ ಮೇಲಿನ ಸಿಟ್ಟು ತಪ್ಪಾಗಿದ್ದವನ ಮೇಲಿನದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಕಾರಿಡಾರಿನಲ್ಲಿ ಎದುರಾದಾಗ ಅವನು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಒಂದೂ ಮಾತಾಡುತ್ತಿರಲಿಲ್ಲ. ಮಾತಾಡಬೇಡಿ ಎಂದವಳೇ ಅವಳು, ಆದರೂ ಆ ಮೌನ ಅವಳನ್ನು ಚುಚ್ಚುತ್ತಿತ್ತು.

ಎರಡನೇ ವಾರದ ಕೊನೆಗೆ ದಾರಿ ಸಿಕ್ಕಿತು. ಗೆರೆಗಳ ಲೆಕ್ಕಕ್ಕೆ ಒಂದು ದಿನ ಕೂಡಿಸುವ ಕಡೆ ಎರಡು ದಿನ ಕೂಡಿಸಬೇಕು. ಜೋಡಿ ಗೆರೆಗಳಿದ್ದರೆ ನಾಲ್ಕು ಗೆರೆಗೆ ಆರು ದಿನ. ತ್ರಿಕೋನಕ್ಕೂ ಆರು! ಕೂತಲ್ಲೇ ಕುಣಿಯುವಷ್ಟು ಖುಷಿಯಾಯಿತು. ಖುಷಿಯಲ್ಲಿ ಮೊದಲು ನೆನಪಾದವನು ಯಾರು ಎಂದು ತಿಳಿದು ತುಟಿ ಕಚ್ಚಿಕೊಂಡಳು.

ಮಾರನೆಯ ಬೆಳಗ್ಗೆ ಆಫೀಸಿನ ಅಕ್ಕ ಮೂರನೇ ಮಹಡಿಯವರೆಗೂ ಏದುಸಿರು ಬಿಡುತ್ತ ಹತ್ತಿ ಬಂದಳು. ಕೈಯಲ್ಲಿ ಹಾಳೆಗಳು.

"ಏನಮ್ಮ ಚಾಕ್‌ಪೀಸು, ಎರಡೂ ಕಡೆ ಬರೆದಿರೋದನ್ನ ನನ್ನ ಟ್ರೇಗೆ ಹಾಕ್ತೀಯಲ್ಲ? ಇದ್ರ ಮೇಲೆ ನಾನೇನು ನನ್ನ ಜಾತಕ ಪ್ರಿಂಟ್ ಮಾಡ್ಲಾ?"

"ಎರಡೂ ಕಡೆನಾ? ಇಲ್ವಲ್ಲ ಅಕ್ಕ."

"ಇಲ್ವಂತೆ! ಕಣ್ಣಿದೆಯಲ್ಲ, ತಿರುಗಿಸಿ ನೋಡು. ನಾನೇನೂ ಪೂರ್ತಿ ಓದಿಲ್ಲಪ್ಪ." ಬಾಗಿಲವರೆಗೆ ಹೋಗಿ ತಿರುಗಿದಳು. "ಹನ್ನೆರಡನೇದು ಚೆನ್ನಾಗಿದೆ."

ಅವಳು ಮೊದಲ ಹಾಳೆ ತಿರುಗಿಸಿದಳು.

ಪೆನ್ಸಿಲಿನ ಸಣ್ಣ ಅಕ್ಷರಗಳು. ಒತ್ತಿ ಬರೆಯದ, ಸಂಕೋಚದ ಕೈ. ಅವಳು ಕಳಿಸಿದ ಕರಡನ್ನು ತಾನೇ ಹೊಸ ಹಾಳೆಯ ಮೇಲೆ ಮುದ್ರಿಸಿ, ಅದರ ಹಿಂಬದಿಯಲ್ಲಿ ಬರೆದಿದ್ದ ಅವನು. ಆರು ತಿಂಗಳ ಹಿಂದೆ ಬಂದವನಿಗೆ ಈ ವಿಭಾಗದ ಹಿಂಬದಿಯ ಪುರಾಣ ಯಾರು ಹೇಳಿದ್ದರು?

ಮೂರನೇ ಹಾಳೆ: 'ಈ ವಾದ ತುಂಬಾ ಚೆನ್ನಾಗಿದೆ. ಎರಡು ಸಲ ಓದಿದೆ. ಎರಡನೇ ಸಲ ಬರೀ ಖುಷಿಗೆ.'

ಐದನೇ ಹಾಳೆ: 'ಇಲ್ಲಿ ಅರ್ಥ ಆಗಲಿಲ್ಲ. ತಪ್ಪು ನನ್ನದೇ ಇರಬೇಕು. ನಾಳೆ ಮತ್ತೆ ಓದುತ್ತೇನೆ.' ಅದರ ಕೆಳಗೇ, 'ಓದಿದೆ. ತಪ್ಪು ನನ್ನದೇ.'

ಏಳನೇ ಹಾಳೆಯ ಹಿಂದೆ ಆ ತ್ರಿಕೋನ. ಅದರ ಪಕ್ಕದಲ್ಲಿ ಹೀಗಿತ್ತು:

'ಎರಡು ಬಿಂದುಗಳ ನಡುವೆ ಎರಡು ಗೆರೆ ಇದ್ದರೆ ಈ ಹೆಜ್ಜೆ ನಿಲ್ಲುವುದಿಲ್ಲ ಅನ್ನಿಸುತ್ತದೆ. ನಿಮ್ಮ ಹತ್ತಿರ ಉತ್ತರ ಇದ್ದೇ ಇರುತ್ತದೆ, ಜಾಗ ಸಾಲದೆ ಬಿಟ್ಟಿರಬಹುದು. ಇದನ್ನೇ ಮೊದಲ ಪ್ರಶ್ನೆಯಾಗಿ ಕೇಳಲೇ? ನೀವು ಉತ್ತರ ಕೊಟ್ಟರೆ ಬಂದವರಿಗೆ ನಿಮ್ಮ ಶಕ್ತಿ ಗೊತ್ತಾಗುತ್ತದೆ. ಬೇಡ ಅಂದರೆ ಒಂದು ಮಾತು ಹೇಳಿ, ಬಿಟ್ಟುಬಿಡುತ್ತೇನೆ. ಏನೂ ಹೇಳದಿದ್ದರೆ ಹೂಂ ಅಂತ ತಿಳಿದುಕೊಳ್ಳುತ್ತೇನೆ.'

ಅವಳು ಅದನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು.

ದೇವರೇ... ಹೇಳಿದ್ದ! ಅಂಗಡಿಯಲ್ಲೇ ಹೇಳಿದ್ದ! ನಾನೇ ತಿರುಗಿಸಿ ನೋಡಲಿಲ್ಲ. ದರ್ಜಿ ಮಗಳು ನಾನು, ಹೊಲಿಗೆ ನೋಡೋಕೆ ಬಟ್ಟೆ ಒಳಬದಿ ತಿರುಗಿಸ್ಬೇಕು ಅಂತ ಹುಟ್ಟಿದಾಗಿಂದ ಕೇಳಿಕೊಂಡು ಬಂದೋಳು!

ಹನ್ನೆರಡನೇ ಹಾಳೆಯನ್ನು ತಿರುಗಿಸಲು ಧೈರ್ಯ ಸಾಲದೆ ಉಳಿದ ಹಾಳೆಗಳನ್ನು ಮೊದಲು ಜೋಡಿಸಿಟ್ಟಳು. ಆಮೇಲೆ ತಿರುಗಿಸಿದಳು.

'ಮುಗಿದೇ ಹೋಯಿತಲ್ಲ ಅಂತ ಬೇಜಾರಾಯಿತು. ಸೋಮವಾರ, ಗುರುವಾರ ನಿಮ್ಮ ಕ್ಲಾಸಿನ ನಂತರ ಅದೇ ಕೋಣೆಯಲ್ಲಿ ನನ್ನ ಕ್ಲಾಸು. ಆರು ತಿಂಗಳಲ್ಲಿ ಒಂದು ದಿನವೂ ನನಗೆ ಬೋರ್ಡು ಒರೆಸುವ ಕೆಲಸ ಬಿದ್ದಿಲ್ಲ. ಯಾರಪ್ಪಾ ಇವರು ಅಂದುಕೊಳ್ಳುತ್ತಿದ್ದೆ. ಬರವಣಿಗೆ ಓದಿದ ಮೇಲೆ ಇನ್ನಷ್ಟು ಅನ್ನಿಸುತ್ತಿದೆ. ಭಾಷಣ ಮುಗಿದ ಮೇಲೆ ನನ್ನ ಜೊತೆ ಒಂದು ಟೀ ಕುಡಿಯುತ್ತೀರಾ? ಈ ಪ್ರಶ್ನೆಗೆ ಮಾತ್ರ, ಏನೂ ಹೇಳದಿದ್ದರೆ ಇಲ್ಲ ಅಂತ ತಿಳಿದುಕೊಳ್ಳುತ್ತೇನೆ. ಮತ್ತೆ ಕೇಳಿ ತೊಂದರೆ ಕೊಡುವುದಿಲ್ಲ.'

ಅವಳ ಕಣ್ಣು ತುಂಬಿ ಬಂತು.

ಅವಳು ಏನೂ ಹೇಳಿರಲಿಲ್ಲ. ಅದೇ ಒಂದು ಮೌನವನ್ನು ಅವನು ಏಳನೇ ಹಾಳೆಗೆ 'ಹೂಂ' ಎಂದೂ ಹನ್ನೆರಡನೇ ಹಾಳೆಗೆ 'ಇಲ್ಲ' ಎಂದೂ ಓದಿಕೊಂಡಿದ್ದ. ಇಲ್ಲ ಅನ್ನಿಸಿಕೊಂಡ ಮೇಲೂ ಅವಳು ಗೆಲ್ಲಲಿ ಎಂದೇ ಎದ್ದು ನಿಂತು ಆ ಪ್ರಶ್ನೆ ಕೇಳಿದ್ದ. 'ಹಾಗೆ ಬರೀಬಾರ್ದಿತ್ತು' ಎಂದಿದ್ದು ತ್ರಿಕೋನಕ್ಕಲ್ಲ, ಈ ಟೀಗೆ!

ಅದಕ್ಕೆ ನಾನು ಕೊಟ್ಟ ಉತ್ತರ? ಮಾತಾಡಬೇಡಿ ಅಂದೆ...

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಅವಳಿಗೆ ಅವತ್ತು ಆ ಗಾದೆಯ ಅರ್ಥ ಪೂರ್ತಿ ತಿಳಿಯಿತು.

ನೇರವಾಗಿ ಎರಡನೇ ಮಹಡಿಗೆ ಇಳಿದು ಹೋಗಿ ಹೇಳಬಹುದಿತ್ತು. ಎರಡು ಸಲ ಮೆಟ್ಟಿಲ ತುದಿಯವರೆಗೆ ಹೋಗಿ ವಾಪಸ್ ಬಂದಳು. ಬೋರ್ಡಿನ ಮುಂದೆ ಹುಲಿಯಾಗಿರುವವಳು ಇಂಥ ವಿಷಯದಲ್ಲಿ ಇಲಿ. ಕೊನೆಗೆ ಅವನ ದಾರಿಯನ್ನೇ ಹಿಡಿದಳು.

"ಅಕ್ಕಾ, ಒಂದೇ ಒಂದು ಹೊಸ ಹಾಳೆ ಕೊಡ್ತೀರಾ?"

"ಯಾಕಮ್ಮ?"

"ಹೊಸ ಕರಡಿಗೆ. ಕೊನೇ ಪುಟಕ್ಕೆ."

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಬೀರುವಿನ ಬೀಗ ತೆಗೆದು, ಹೊಸ ಹಾಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟಳು. "ಚಿತ್ತು ಮಾಡ್ಬೇಡ. ಇನ್ನೊಂದು ಸಿಗಲ್ಲ."

ಹನ್ನೊಂದು ಪುಟಗಳನ್ನು ಟ್ರೇಯ ಹಳೇ ಹಾಳೆಗಳ ಹಿಂದೆ ಮುದ್ರಿಸಿದಳು, ಹನ್ನೆರಡನೆಯದನ್ನು ಹೊಸ ಹಾಳೆಯಲ್ಲಿ. ಅದರ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದು ಅವನ ಅಂಚೆಗೂಡಿನಲ್ಲಿಟ್ಟಳು.

ಭಾಷಣಕ್ಕೆ ಎರಡು ದಿನ ಮೊದಲು ಕರಡು ವಾಪಸ್ ಬಂತು. ಅವಳು ಉಸಿರು ಬಿಗಿಹಿಡಿದು ಹಿಂದೆ ಮುಂದೆ ಹನ್ನೆರಡೂ ಹಾಳೆ ನೋಡಿದಳು. ಮುಂಬದಿಯಲ್ಲಿ ಪ್ರತಿ ಪುಟಕ್ಕೂ 'ಸರಿ', 'ಸರಿ', 'ಸರಿ'. ಹಿಂಬದಿಯಲ್ಲಿ ಹಳೇ ಪ್ರಶ್ನೆಪತ್ರಿಕೆಗಳು. ಹನ್ನೆರಡನೆಯದರ ಹಿಂದೆ ಅವಳ ನಾಲ್ಕು ಸಾಲು ಹಾಗೇ ಇದ್ದವು. ಉತ್ತರವಾಗಿ ಒಂದು ಚುಕ್ಕಿಯೂ ಇರಲಿಲ್ಲ.

ನಾನು ಏನೇ ಬರೆದಿದ್ರೂ, ಈ ಮೌನಕ್ಕೆ ಅರ್ಥ... ಇಲ್ಲ ಅಂತಲೇ?

ಸರಿ, ತಾನು ಮಾಡಿದ್ದು ತನಗೇ ಬಂತು ಎಂದುಕೊಂಡಳು.

ಬುಧವಾರ, ಅವರಿಬ್ಬರೂ ಪಾಠ ಮಾಡುವ ಅದೇ ಕೋಣೆ, ಅದೇ ಇಬ್ಬರು ಹಿರಿಯರು. ಅವಳು ಮೊದಲ ಕೆಲಸವೆಂದು ಬೋರ್ಡಿನ ಮೂಲೆಯಲ್ಲಿ ಆ ದಪ್ಪ ತ್ರಿಕೋನವನ್ನೇ ಬರೆದಳು.

"ಹೋದ ಸಲ ಇಲ್ಲಿ ಬಿದ್ದೆ. ಇವತ್ತು ಇಲ್ಲಿಂದಲೇ ಶುರು ಮಾಡ್ತೀನಿ. ಈ ಚಿತ್ರ ನನ್ನದಲ್ಲ, ಓದುಗರು ಕೊಟ್ಟಿದ್ದು. ಇದು ಇಲ್ಲದಿದ್ರೆ ಈ ಭಾಷಣವೇ ಇರ್ತಿರಲಿಲ್ಲ."

ಕೊನೆಯ ಸಾಲಿನಲ್ಲಿ ಅವನು ತಲೆ ಎತ್ತಿದ.

ಮುಕ್ಕಾಲು ಗಂಟೆ ಅವಳ ಕೈ ಎಲ್ಲೂ ನಿಲ್ಲಲಿಲ್ಲ. ಮುಗಿದಾಗ ಅವನು ಎದ್ದ.

"ಎರಡು ಗೆರೆಗೆ ಎರಡು ಕೂಡಿಸಿದ್ರಿ. ಮೂರು ಗೆರೆ ಇದ್ರೆ ಮೇಡಂ?"

"ಮೂರು ಕೂಡಿಸಿ ಸರ್. ಅದೇ ವಾದ, ಒಂದಕ್ಷರ ಬದಲಾಗಲ್ಲ. ಎಷ್ಟು ಬೇಕಾದ್ರೂ ಇರ್ಲಿ... ಈ ಸಲ ನಿಜವಾಗ್ಲೂ!"

ಕೋಣೆಯಿಡೀ ನಕ್ಕಿತು. ಅವನೂ ನಕ್ಕ. ಪೆನ್ನಿನ ಕ್ಯಾಪ್ ಮುಚ್ಚಿದ್ದ ಹಿರಿಯರು ಇವತ್ತು ಏನೋ ಉದ್ದಕ್ಕೆ ಬರೆದುಕೊಳ್ಳುತ್ತಿದ್ದರು. ಹೊರಡುವಾಗ ಮುಖ್ಯಸ್ಥರು ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

"ಶುಕ್ರವಾರ ಪತ್ರ ಬರುತ್ತೆ. ಅಮ್ಮನಿಗೆ ಇವತ್ತೇ ಹೇಳ್ಬಿಡು. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ."

ಕೆಲಸ ಉಳಿಯಿತು! ಆದರೆ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಅವನು ಚೀಲ ಹೆಗಲಿಗೇರಿಸಿ ಹೊರಟಿದ್ದ.

ಅವಳು ಗಣಿತದವಳು. ಇರುವುದು ಎರಡೇ ದಾರಿ. ಓದಿ ಸುಮ್ಮನಿದ್ದಾನೆ, ಇಲ್ಲವೇ ಓದೇ ಇಲ್ಲ. ಮೌನದಿಂದ ಯಾವುದೆಂದು ತೀರ್ಮಾನವಾಗುವುದಿಲ್ಲ. ಒಂದು ಸಲ ಹಾಗೆ ತೀರ್ಮಾನಿಸಿ ಇಬ್ಬರೂ ಮೂರು ವಾರ ಅನುಭವಿಸಿದ್ದು ಸಾಕು.

"ಸರ್! ನಿಂತ್ಕೊಳ್ಳಿ!"

ಅವನು ತಿರುಗಿದ. "ಮಾತಾಡ್ಬೇಡಿ ಅಂದಿದ್ರಲ್ಲ ಮೇಡಂ."

"ನೀವು ಮಾತಾಡ್ಬೇಡಿ ಅಂದಿದ್ದೆ. ನಾನು ಮಾತಾಡಲ್ಲ ಅಂದಿರ್ಲಿಲ್ಲ." ಅವಳು ಕರಡನ್ನು ಅವನ ಕೈಗಿಟ್ಟಳು. "ಹನ್ನೆರಡನೇ ಹಾಳೆ ಹಿಂದೆ ನೋಡಿದ್ರಾ?"

"ಹಿಂದೆನಾ?" ಅವನು ಗಲಿಬಿಲಿಗೊಂಡ. "ಹಿಂದೆ ಹಳೇ ಪ್ರಶ್ನೆಪತ್ರಿಕೆ ಇರುತ್ತಲ್ವಾ? ಹೊಸ ಹಾಳೆ ದಂಡ ಮಾಡ್ತೀರಿ ಅಂತ ಅಕ್ಕ ನನಗೆ ಬೈದ ಮೇಲೆ, ಇಲ್ಲಿ ಯಾರೂ ಹಿಂಬದಿ ಓದಲ್ಲ ಅಂತ ಗೊತ್ತಾಯ್ತು..."

ಹೇಳುತ್ತ ಹೇಳುತ್ತ ಅವನ ಮಾತು ನಿಂತಿತು. ಕಣ್ಣು ದೊಡ್ಡದಾಯಿತು.

"ಹಾಗಾದ್ರೆ ನನ್ನದನ್ನ... ನೀವು ಓದೇ ಇರ್ಲಿಲ್ಲ?"

"ಭಾಷಣ ಆಗಿ ಎರಡು ವಾರದ ಮೇಲೆ ಓದಿದೆ," ಎಂದಳು ಅವಳು. "ತಪ್ಪು ನನ್ನದು. ನಿಮ್ಮನ್ನ ಏನೇನೋ ಅಂದ್ಕೊಂಡೆ. ಈಗ ತಿರುಗಿಸಿ."

ಅವನು ತಿರುಗಿಸಿದ. ಅವಳು ಬೋರ್ಡಿನ ಕಡೆ ಮುಖ ಮಾಡಿ ನಿಂತಳು. ಅಲ್ಲಿ ಬರೆದಿದ್ದು ಅವಳಿಗೆ ಬಾಯಿಪಾಠವಾಗಿತ್ತು:

'ಆರು ತಿಂಗಳು ಬೋರ್ಡು ಒರೆಸಿದ್ದು ಮುಂದೆ ಯಾರ ಕ್ಲಾಸು ಅಂತ ಗೊತ್ತಿದ್ದಲ್ಲ. ಇನ್ನು ಮೇಲೆ ಗೊತ್ತಿದ್ದೇ ಒರೆಸುತ್ತೇನೆ. ಟೀ ಕುಡಿಯೋಣ. ಏನೂ ಹೇಳದಿದ್ದರೆ ನಾನು ಹೂಂ ಅಂತಲೇ ತಿಳಿದುಕೊಳ್ಳುತ್ತೇನೆ.'

ಸ್ವಲ್ಪ ಹೊತ್ತು ಹಿಂದಿನಿಂದ ಏನೂ ಸದ್ದಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಹೇಳಿ."

"ಸುಮ್ಮನಿದ್ರೆ ಹೂಂ ಅಂತ ಬರ್ದಿದ್ದೀರಿ," ಎಂದ ಅವನು ಮೆಲ್ಲಗೆ. "ಮಾತಾಡಿ ಕೆಡಿಸೋದು ಯಾಕೆ ಅಂತ ಸುಮ್ಮನಿದ್ದೀನಿ."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಮೌನಂ ಸಮ್ಮತಿ ಲಕ್ಷಣಂ ಅನ್ನೋದನ್ನ ನಂಬಿ ಆಗಿರೋ ಅವಾಂತರ ಸಾಕು. ಬಾಯಿಬಿಟ್ಟು ಹೇಳಿ."

"ಹೂಂ."

"ಅಷ್ಟೇನಾ?"

"ನೀವಂದ್ರೆ ನನಗೆ ಇಷ್ಟ. ಮುಂಚಿನಿಂದ್ಲೂ. ಮೂರನೇ ಹಾಳೆಯಿಂದ್ಲೇ."

ಅವಳ ಮುಖ ಕೆಂಪಾಯಿತು. ಏನು ಹೇಳಬೇಕೋ ತಿಳಿಯದೆ ಒದ್ದೆ ಬಟ್ಟೆ ಎತ್ತಿಕೊಂಡಳು. ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡ.

"ಕೊಡಿ. ಇವತ್ತು ನಾನು ಒರೆಸ್ತೀನಿ. ಆರು ತಿಂಗಳ ಬಾಕಿ ಇದೆ."

ಅವನು ಮೇಲಿನ ಸಾಲಿನಿಂದ ಒರೆಸುತ್ತ ಬಂದ. ಮೂಲೆಗೆ ಬಂದಾಗ ಅವಳು ಅವನ ಮಣಿಕಟ್ಟು ಹಿಡಿದಳು.

"ಆ ತ್ರಿಕೋನ ಬಿಡಿ. ಅದೊಂದು ಇರ್ಲಿ."

"ನಾಳೆ ಕ್ಲಾಸಿಗೆ ಬರೋರು ಯಾರು ಒರೆಸಿಲ್ಲ ಅಂತ ಬೈತಾರೆ."

"ನಾಳೆ ಗುರುವಾರ," ಎಂದಳು ಅವಳು, ಕೈ ಬಿಡದೆ. "ಮೊದಲು ನನ್ನ ಕ್ಲಾಸು. ಆಮೇಲೆ ನಿಮ್ಮದು."